ಗೋಡೆಯಾಚೆಯ ಉಪ್ಪುಕೋಟೆ

ಫೆಬ್ರವರಿ ೯

ಮಗಳೇ,

ಪರದೆ ಸರಿಯಲಿ! ದೀಪ ಬೆಳಗಲಿ! ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವವರೆಲ್ಲ ನೆಟ್ಟಗೆ ಕೂರಲಿ! ನಿನ್ನಪ್ಪ ರಂಗಕ್ಕೆ ಬರುತ್ತಿದ್ದಾನೆ. ಆದರೆ ಈ ಸಲ ಬಾಯಿಯಿಂದಲ್ಲ, ಪೆನ್ನಿನಿಂದ.

ನಿನ್ನಮ್ಮ ಫೋನಿನಲ್ಲಿ ಎಲ್ಲ ಹೇಳಿದ್ದಾಳೆಂದು ಗೊತ್ತು. ಆದರೆ ಅವಳು ಕಥೆ ಹೇಳುವುದು ದಿನಸಿ ಚೀಟಿ ಓದಿದ ಹಾಗೆ. "ಗಂಟಲಲ್ಲಿ ಗಂಟಿತ್ತು, ತೆಗೆದರು, ಕೆಟ್ಟದ್ದಲ್ಲವಂತೆ." ಮುಗಿಯಿತು! ಮೈಕಿಲ್ಲದ ಕಾಲದಲ್ಲಿ ಥಿಯೇಟರಿನ ತಗಡು ನಡುಗಿಸಿದ ಕಂಠದ ಪುರಾಣವನ್ನು ಮೂರು ಮಾತಲ್ಲಿ ಮುಗಿಸುವ ಹೆಂಗಸಿನ ಜೊತೆ ಬಾಳಿದ್ದೇನೆ ನಾನು!

ನಿಜ ಸಂಗತಿ ಕೇಳು. ಗಂಟಲಿನ ಡಾಕ್ಟರಮ್ಮ ನಿನ್ನ ವಾರಿಗೆಯವಳು, ನೋಡಿದರೆ ಬೆತ್ತದ ಹಾಗೆ, ಮಾತೂ ಹಾಗೇ. "ಗಂಟು ಹೋಯ್ತು. ದನಿ ಬರೋದು ಬಿಡೋದು ನಿಮಗೇ ಸೇರಿದ್ದು. ನಾನು ಹೇಳೋ ತನಕ ಒಂದಕ್ಷರ ಆಡಬಾರದು. ಪಿಸುಗುಟ್ಟಲೂ ಬಾರದು, ಅದು ಕೂಗಿದ್ದಕ್ಕಿಂತ ಕೇಡು" ಅಂದಳು. ನಾನು ಭೀಷ್ಮನಾದೆ. ಬೇಕಾದ್ದೆಲ್ಲ ಸ್ಲೇಟಿನ ಮೇಲೆ ಬರೆದೆ. ಮೊನ್ನೆ ಕ್ಯಾಮೆರಾ ಇಳಿಸಿ ನೋಡಿದವಳೇ ಹುಬ್ಬು ಗಂಟಿಕ್ಕಿದಳು. "ಊತ ಇಳಿದೇ ಇಲ್ಲ. ಮಾತಾಡಿದ್ದೀರಿ."

ಇಲ್ಲವೆಂದು ತಲೆಯಾಡಿಸಿದೆ. ಎದೆ ಮುಟ್ಟಿಕೊಂಡೆ. ನಿನ್ನಮ್ಮನೇ ಸಾಕ್ಷಿ ನುಡಿದಳು: "ಇಲ್ಲ ಡಾಕ್ಟ್ರೇ, ಮದುವೆಯಾದ ಮೇಲೆ ನಾನು ಇಷ್ಟು ನೆಮ್ಮದಿ ಕಂಡಿದ್ದು ಇದೇ ಮೊದಲು."

"ಹಾಗಾದರೆ ದಿನಾ ಏನು ಮಾಡ್ತೀರಿ?"

"ಉಪ್ಪುಕೋಟೆ ನೋಡುತ್ತೇನೆ" ಎಂದು ಬರೆದೆ. ಅವಳಿಗೆ ಉಪ್ಪುಕೋಟೆ ಗೊತ್ತಿಲ್ಲವಂತೆ! ಸೀಮೆಸುಣ್ಣ ಮುರಿಯಿತು ಮಗಳೇ ನನ್ನ ಕೈಯಲ್ಲಿ. ವಾರಕ್ಕೊಮ್ಮೆ ಬೀದಿಗಳೆಲ್ಲ ಬರಿದಾಗುತ್ತಿದ್ದ ಕಾಲ, ಯಾವುದೋ ದೇಶದ ಆ ಧಾರಾವಾಹಿ ನಮ್ಮ ಭಾಷೆಯಲ್ಲಿ ಗುಡುಗುತ್ತಿದ್ದ ಕಾಲ, ಅದರ ದುಷ್ಟ ಒಕ್ಕಣ್ಣ ಕೋಟೆದೊರೆಗೆ ಕಂಠ ಕೊಟ್ಟವನು ಈ ಬಡಪಾಯಿ ಎಂಬ ಇತಿಹಾಸ ಅವಳಿಗೆ ಗೊತ್ತಿಲ್ಲ! ಈಗ ಯಾವುದೋ ಹಳೇ ಧಾರಾವಾಹಿ ಹುಚ್ಚರ ಸಂಘದವರು ಎಲ್ಲ ಕಂತುಗಳನ್ನೂ ಹುಡುಕಿ, ತೊಳೆದು, ಡಿಸ್ಕು ಮಾಡಿ ಕಳಿಸಿದ್ದರು. ನಾನು ಬೆಳಗ್ಗೆ ಕೂತರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ.

ಡಾಕ್ಟರಮ್ಮ ಏನು ಮಾಡಿದಳು ಗೊತ್ತೇ? ತನ್ನ ಫೋನಿನಲ್ಲಿ ಅದರ ಒಂದು ದೃಶ್ಯ ಹುಡುಕಿ ನನ್ನ ಮುಂದಿಟ್ಟು, ಎರಡು ಬೆರಳನ್ನು ನನ್ನ ಗಂಟಲ ಮೇಲಿಟ್ಟಳು. ನನ್ನ ತುಟಿ ಮುಚ್ಚಿತ್ತು. ಆದರೆ ಒಕ್ಕಣ್ಣ ಬಾಯಿ ಬಿಟ್ಟಾಗಲೆಲ್ಲ ನನ್ನ ಗಂಟಲು ಕಪ್ಪೆಯ ಹಾಗೆ ಕುಪ್ಪಳಿಸಿತು. "ನೋಡಿ ಯಜಮಾನರೇ, ನೀವು ದಿನವಿಡೀ ಅವನ ಜೊತೆ ಮಾತಾಡ್ತಾ ಇದ್ದೀರಿ" ಅಂದಳು.

ಅಲ್ಲಿಗೆ ಉಪ್ಪುಕೋಟೆ ಬಂದ್. ಡಿಸ್ಕುಗಳನ್ನೆಲ್ಲ ನಿನಗೆ ಪಾರ್ಸೆಲ್ ಮಾಡಿದ್ದೇನೆ. ನೋಡು. ನೋಡಿದ್ದನ್ನು ನನಗೆ ಬರೆ. ಈ ಫೋನಿನಲ್ಲಿ ಅಕ್ಷರ ಕುಟ್ಟುವುದು ನನಗಾಗದು, ನೀನೂ ಕಾಗದದಲ್ಲೇ ಬರೆ. ನಾನು ಕಣ್ಣಿಲ್ಲದ ಧೃತರಾಷ್ಟ್ರ, ನೀನು ಸಂಜಯ!

ಇಂತಿ ನಿನ್ನ ತಂದೆ,
ಸದ್ಯಕ್ಕೆ ಮೂಕಪಾತ್ರಧಾರಿ


ಫೆಬ್ರವರಿ ೨೦

ಅಪ್ಪನಿಗೆ,

ಪಾರ್ಸೆಲ್ ಬಂತು. ಡಿಸ್ಕುಗಳು ಒಡೆದಿಲ್ಲ. ಈಗ ಮಕ್ಕಳ ಪರೀಕ್ಷೆ ಸಮಯ, ಕನ್ನಡಕದಂಗಡಿಯಲ್ಲಿ ಕಣ್ಣು ತೋರಿಸಿಕೊಳ್ಳುವವರ ಸಾಲು ಬಾಗಿಲು ದಾಟಿ ನಿಂತಿರುತ್ತದೆ. ಬಿಡುವಾದಾಗ ನೋಡಿ ಬರೆಯುತ್ತೇನೆ. ಆರೋಗ್ಯ ನೋಡಿಕೊಳ್ಳಿ. ಭಾನುವಾರ ಅಮ್ಮನಿಗೆ ಫೋನ್ ಮಾಡುತ್ತೇನೆ.

ಇತಿ,
ಮಗಳು


ಫೆಬ್ರವರಿ ೨೭

ಮಗಳೇ,

ಇದು ಪತ್ರವೋ, ರಸೀದಿಯೋ? ಪಾರ್ಸೆಲ್ ಆಫೀಸಿನವನು ಇದಕ್ಕಿಂತ ಅಕ್ಕರೆಯಿಂದ ಬರೆಯುತ್ತಾನೆ!

ಹೋಗಲಿ. ಓದಿದರೂ ಗಂಟಲು ಕುಣಿಯುತ್ತದೆಯೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ನಿಮ್ಮ ದನಿಯಲ್ಲಿ ಓದಿಕೊಂಡರೆ ಕುಣಿಯುತ್ತೆ. ಬರೆದವರ ದನಿಯಲ್ಲಿ ಓದಿಕೊಳ್ಳಿ. ಮಗಳ ಕಾಗದ ಅಲ್ವಾ, ಮಗಳು ಓದಿ ಹೇಳ್ತಿದಾಳೆ ಅಂದ್ಕೊಳ್ಳಿ" ಅಂದಳು.

ಬಂದು ಕಿಟಕಿ ಹತ್ತಿರ ಕೂತು ನಿನ್ನ ದನಿಯನ್ನು ಕರೆದೆ. ಬರಲಿಲ್ಲ. ಎಷ್ಟು ತಡಕಿದರೂ ನನ್ನ ಹತ್ತಿರ ಇರುವುದು ಒಂದೇ ತುಣುಕು: "ಹಲೋ, ಅಮ್ಮ ಇದ್ದಾರಾ?" ಅದರಾಚೆಗೆ ಟೇಪು ಖಾಲಿ. ನೂರು ಪಾತ್ರದ ಮಾತು ಬಾಯಿಪಾಠ ಇರುವ ತಲೆಯಿದು ಮಗಳೇ! ನಮ್ಮ ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟರು ಕೆಮ್ಮುತ್ತಿದ್ದದ್ದು ಯಾವ ಶ್ರುತಿಯಲ್ಲಿ ಎಂಬುದು ಕೂಡ ನೆನಪಿದೆ.

ಆದ್ದರಿಂದ ಉದ್ದ ಬರೆ. ಬೈದಾದರೂ ಬರೆ.

ಇಂತಿ,
ಕಿವುಡನಲ್ಲದ ಮೂಕ


ಮಾರ್ಚ್ ೧೬

ಅಪ್ಪನಿಗೆ,

ನಿಮ್ಮ ಕಾಟ ತಡೆಯಲಾರದೆ ಒಂದು ಕಂತು ಹಾಕಿದೆ. ಈಗ ಆರು ಮುಗಿದಿವೆ. ತಪ್ಪು ನನ್ನದಲ್ಲ, ಚಿಲ್ಟುದು. ಒಂದು ಮುಗಿಯುತ್ತಿದ್ದ ಹಾಗೇ ನನ್ನ ಮಗಳು ರಿಮೋಟನ್ನು ಲಂಗದೊಳಗೆ ಬಚ್ಚಿಟ್ಟುಕೊಂಡು "ಇನ್ನೊಂದು" ಅನ್ನುತ್ತಾಳೆ.

ವರದಿ ಒಪ್ಪಿಸುತ್ತೇನೆ. ಕೋಟೆಯ ಬಾಗಿಲು ಹಾಕಿದಾಗಲೆಲ್ಲ ಕಲ್ಲಿನ ಗೋಡೆ ಬಟ್ಟೆಯ ಹಾಗೆ ಅಲುಗುತ್ತದೆ. ಆಕಾಶದಲ್ಲಿ ಒಂದು ಮಡಿಕೆ ಇದೆ, ಯಾರೋ ಇಸ್ತ್ರಿ ಹಾಕಲು ಮರೆತಿದ್ದಾರೆ. ಎರಡನೆಯ ಕಂತಿನಲ್ಲಿ ಈಟಿ ಚುಚ್ಚಿ ಸತ್ತ ಕಾವಲುಗಾರ ಮೂರನೆಯದರಲ್ಲಿ ಮೀಸೆ ಅಂಟಿಸಿಕೊಂಡು ಕೆಲಸಕ್ಕೆ ಹಾಜರ್. "ಅಮ್ಮಾ, ಸತ್ತೋನು ಬಂದ!" ಎಂದು ಚಿಲ್ಟು ಅವನು ಕಂಡಾಗಲೆಲ್ಲ ಚಪ್ಪಾಳೆ ಹೊಡೆಯುತ್ತಾಳೆ. ಇನ್ನು ಒಕ್ಕಣ್ಣನ ಕಣ್ಣುಪಟ್ಟಿ. ಮೂರರಲ್ಲಿ ಬಲಗಣ್ಣಿಗೆ, ಐದರಲ್ಲಿ ಎಡಗಣ್ಣಿಗೆ! ದಿನವಿಡೀ ಜನರ ಕಣ್ಣು ನೋಡುವವಳು ನಾನು, ಇಂಥದ್ದು ತಪ್ಪಿಸಿಕೊಳ್ಳುತ್ತದೆಯೇ?

ಇಷ್ಟೆಲ್ಲ ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಗಿರಣಿಯವನ ಮಗಳನ್ನು ಒಕ್ಕಣ್ಣ ಹಿಡಿದಿಟ್ಟುಕೊಂಡಿದ್ದಾನೆ, ಗಿರಣಿಯವನು ಗುಪ್ತದಾರಿ ತೋರಿಸುವ ತನಕ ಬಿಡುವುದಿಲ್ಲ ಎನ್ನುತ್ತಾನೆ. ಆ ಪುಟ್ಟ ಹುಡುಗಿ ಎಷ್ಟು ಚೆನ್ನಾಗಿ ಮಾಡಿದ್ದಾಳೆ. ಎಷ್ಟು ಬಾಯಿ ಅವಳಿಗೆ!

ಆರನೆಯ ಕಂತಿನ ನಡುವೆ ಚಿಲ್ಟು ನನ್ನ ಕಡೆ ತಿರುಗಿ, "ಅಮ್ಮಾ, ನೀನ್ಯಾಕೆ ಕಿವಿ ಮುಚ್ಕೊಂಡಿದೀಯ?" ಅಂದಳು. ಮುಚ್ಚಿಕೊಂಡದ್ದು ನನಗೇ ಗೊತ್ತಿರಲಿಲ್ಲ. ಟೀವಿ ಜೋರಾಗಿತ್ತು ಅಂದೆ.

ಮುಂದಿನ ಕಂತಿಗೆ ಸ್ವಲ್ಪ ಸಮಯ ಬೇಕು. ಅಂಗಡಿಯಲ್ಲಿ ಕೆಲಸ ಜಾಸ್ತಿ.

ಇತಿ,
ಮಗಳು


ಮಾರ್ಚ್ ೨೨

ನನ್ನ ಸಂಜಯಾ!

ಭೇಷ್! ಒನ್ಸ್ ಮೋರ್! ಸ್ಲೇಟಿಗೆ ಬಡಿದು ಚಪ್ಪಾಳೆ ಹೊಡೆದೆ. "ಗಾಜೇನಾದ್ರೂ ಒಡೀತಾ?" ಎಂದು ನಿನ್ನಮ್ಮ ಓಡಿ ಬಂದಳು. ಕಣ್ಣುಪಟ್ಟಿಯ ರಹಸ್ಯ ಕೇಳು: ಪಾಪ, ಆ ನಟನಿಗೆ ಪಟ್ಟಿಯ ಅಂಟು ತಾಗಿ ಒಂದು ಕಣ್ಣು ಊದಿಕೊಂಡಿತಂತೆ. ಪಟ್ಟಿ ಇನ್ನೊಂದಕ್ಕೆ ವರ್ಗವಾಯಿತು. ನೋಡಿದವರಲ್ಲಿ ಯಾರೂ ಕೇಳಲಿಲ್ಲ, ನೀನು ಕೇಳಿದೆ.

"ಇಸ್ತ್ರಿ ಹಾಕಲು ಮರೆತಿದ್ದಾರೆ" ಎಂಬಲ್ಲಿ ನಿನ್ನ ದನಿ ಸಿಕ್ಕಿತು ಮಗಳೇ. ಮೂಗಿನ ತುದಿಯಲ್ಲಿ ನಗುವನ್ನು ತಡೆದುಕೊಂಡು ಮಾತಾಡುವ ದನಿ. ಅದು ನಿನ್ನಜ್ಜಿಯದು!

ಆದರೆ ಒಂದು ಮಾತು. ನಿಮ್ಮ ಟೀವಿಗೆ ಶಬ್ದ ತಗ್ಗಿಸುವ ಗುಂಡಿ ಇಲ್ಲವೇ?

ಆಗ ಉಪ್ಪುಕೋಟೆ ಬರುವ ಹೊತ್ತಿಗೆ ಓಣಿಗೆ ಓಣಿಯೇ ನಮ್ಮ ನಡುಮನೆಯಲ್ಲಿ ಇರುತ್ತಿತ್ತು. ನೀನೊಬ್ಬಳು ಇರುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅವಳಿಗೆ ಅಪ್ಪನ ಅರಚಾಟ ಬೇಜಾರಾಗಿರಬೇಕು ಎಂದು ಸುಮ್ಮನಾಗಿದ್ದೆ. ನಿನ್ನೆ ನಿನ್ನಮ್ಮನಿಗೆ ಸ್ಲೇಟಿನಲ್ಲಿ ಕೇಳಿದೆ. ಅವಳು ಅದನ್ನು ಓದಿ, ಸೆರಗಿನಿಂದ ಒರೆಸಿ, "ಅವಳನ್ನೇ ಕೇಳಿ" ಅಂದಳು.

ಕೇಳುತ್ತಿದ್ದೇನೆ.

ಇಂತಿ,
ಅಪ್ಪ


ಏಪ್ರಿಲ್ ೧೮

ಅಪ್ಪನಿಗೆ,

ಇದನ್ನು ಬರೆಯಲು ತಡವಾಯಿತು. ಅಂಗಡಿಯ ಕೆಲಸ ಕಾರಣವಲ್ಲ.

ಆಗಿನ ಮನೆಯಲ್ಲಿ ನನ್ನ ಮಂಚಕ್ಕೂ ನಿಮ್ಮ ಕೋಣೆಗೂ ನಡುವೆ ಇದ್ದದ್ದು ಹಲಗೆ ಗೋಡೆ. ನೀವು ಕನ್ನಡಿ ಮುಂದೆ ನಿಂತು ಒಕ್ಕಣ್ಣನ ಮಾತು ಅಭ್ಯಾಸ ಮಾಡುತ್ತಿದ್ದಿರಿ. ನಿಮ್ಮ ಕೈಯಲ್ಲಿ ಇರುತ್ತಿದ್ದದ್ದು ನಿಮ್ಮ ಪಾತ್ರದ ಮಾತು ಮಾತ್ರ. ಉಳಿದವರ ಮಾತು ಉಳಿದವರ ಮನೆಯಲ್ಲಿ. ಅದು ನಿಮ್ಮ ಕೆಲಸದ ಕ್ರಮ ಎಂದು ಈಗ ಗೊತ್ತು. ಆಗ ಯಾರು ಹೇಳಬೇಕು? ನನಗೆ ಕೇಳಿಸುತ್ತಿದ್ದದ್ದು ಇಷ್ಟು: "ಬಾವಿ ಬಹಳ ಆಳ ಕಣೇ ಕೂಸೇ. ಬಿದ್ದರೆ ನಿನ್ನ ಕೂಗು ಕೂಡ ಮೇಲೆ ಬರೋದಿಲ್ಲ." ಆಮೇಲೆ ಮೌನ. ಆಮೇಲೆ ನಿಮ್ಮ ನಗು.

ಆ ಮೌನದಲ್ಲಿ ಒಬ್ಬ ಹುಡುಗಿ ಏನೋ ಹೇಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿದ್ದ ಹುಡುಗಿ ನಾನೊಬ್ಬಳೇ.

ಅಭ್ಯಾಸ ಮುಗಿಸಿ ಹೊರಗೆ ಬಂದು, "ಬಾರೇ, ಊಟ ಮಾಡೋಣ" ಅನ್ನುತ್ತಿದ್ದಿರಿ. ಅದೇ ದನಿ. ನಾನು ಅಮ್ಮನ ಸೆರಗಿನ ಹಿಂದೆ ಕೂತು ಉಣ್ಣುತ್ತಿದ್ದೆ.

ಕೊನೆಯ ಕಂತಿನ ವಾರ ನೀವು ಹೇಳುತ್ತಿದ್ದದ್ದು ಬರೀ ಇದು: "ಬಿಡು! ಕೈ ಬಿಡು! ಬಿಡು ಅಂದೆನಲ್ಲ!" ಬೆಳಗ್ಗೆ ಅದೇ, ಸಂಜೆ ಅದೇ. ಹುಡುಗಿ ಬಾವಿಯ ಕಟ್ಟೆಗೆ ಜೋತುಬಿದ್ದಿದ್ದಾಳೆ, ನನ್ನಪ್ಪ ಅವಳ ಬೆರಳು ಬಿಡಿಸುತ್ತಿದ್ದಾನೆ. ನನ್ನ ಕಣ್ಣಿಗೆ ಕಟ್ಟಿದ್ದು ಅದು. ಸೋದರತ್ತೆ ಮನೆಯಲ್ಲಿದ್ದು ಓದುತ್ತೇನೆ ಎಂದು ಹಟ ಹಿಡಿದದ್ದು ಮುಂದಿನ ತಿಂಗಳು. ಅಮ್ಮನಿಗೆ ಅರ್ಧ ಗೊತ್ತಿತ್ತು. ದೊಡ್ಡವಳಾದ ಮೇಲೆ ನನಗೇ ನಗು ಬಂತು, ಒಂದು ಧಾರಾವಾಹಿಗೆ ಹೀಗೆ ಹೆದರುವುದೇ ಎಂದು. ಆದರೆ ಫೋನಿನಲ್ಲಿ ನೀವು "ಹಲೋ" ಅಂದಾಗ ಥಟ್ಟನೆ "ಅಮ್ಮ ಇದ್ದಾರಾ" ಅನ್ನುತ್ತಿದ್ದೆ.

ಈಗ ಚಿಲ್ಟು ಪಕ್ಕದಲ್ಲಿ ಕೂತು ಉಳಿದರ್ಧ ಕೇಳಿಸಿಕೊಳ್ಳುತ್ತಿದ್ದೇನೆ. ಬಾವಿ ಬಹಳ ಆಳ ಅಂತ ಅವನು ಹೇಳಿದರೆ ಆ ಹುಡುಗಿ ಏನೆನ್ನುತ್ತಾಳೆ ಗೊತ್ತಾ? "ಹಗ್ಗ ಕೊಡಿ, ಅಳೆದು ನೋಡ್ತೀನಿ." ಅದಕ್ಕೆ ಅವನು ನಗುವುದು! ಚಿಲ್ಟುವೂ ನಗುತ್ತಾಳೆ. ನಿಮಗೆ ಇದೆಲ್ಲ ಗೊತ್ತಿರುವುದೇ. ನನಗೆ ಇದು ಹೊಸ ಕಥೆ.

ಕೊನೆಯ ಡಿಸ್ಕು ಒಂದು ಉಳಿದಿದೆ. ಹಾಕಲು ಆಗುತ್ತಿಲ್ಲ. ಅದರಲ್ಲಿ ಏನಿದೆ ಎಂದು ದಯವಿಟ್ಟು ಬರೆಯಬೇಡಿ. ನೀವು ಹೇಳಿದರೆ ನನ್ನ ಸಮಾಧಾನಕ್ಕೆ ಹೇಳಿದಿರೋ ಎಂಬ ಅನುಮಾನ ಉಳಿಯುತ್ತದೆ.

ಇತಿ,
ಮಗಳು


ಮೇ ೬

ಮಗಳಿಗೆ ಅಮ್ಮ ಮಾಡುವ ಆಶೀರ್ವಾದ.

ಏನೇ ಬರೆದೆ ಇವರಿಗೆ? ನಿನ್ನ ಕಾಗದ ಬಂದಾಗಿನಿಂದ ದೊಡ್ಡ ಆಳು ಸಣ್ಣಗಾಗಿ ಕೂತಿದ್ದಾರೆ. ನಿನಗೆ ಉತ್ತರ ಬರೆಯೋದು, ಹರಿಯೋದು. ಬುಟ್ಟಿ ತುಂಬಿತು.

ಫೋನಿನಲ್ಲಿ ಇದನ್ನು ಹೇಳೋ ಹಾಗಿಲ್ಲ, ಪಕ್ಕದಲ್ಲೇ ಕೂತಿರ್ತಾರೆ. ಅದಕ್ಕೇ ಬರೀತಿದೀನಿ. ಡಾಕ್ಟರು ನೋಡಿ, ಊತ ಪೂರ್ತಿ ಇಳಿದಿದೆ, ಇನ್ನು ಮಾತಾಡಿ ಅಂದು ವಾರದ ಮೇಲಾಯಿತು. ಇವರು ಬಾಯಿ ಬಿಡುತ್ತಿಲ್ಲ! ಡಾಕ್ಟರು ಬೇಡಿಕೊಂಡಳು, ಗದರಿಸಿದಳು. "ಈಗ ದಿನಾ ಸ್ವಲ್ಪ ಸ್ವಲ್ಪ ಬಳಸದಿದ್ದರೆ ತುಕ್ಕು ಹಿಡಿದ ಬಾಗಿಲಿನ ಹಾಗೆ ಹಾಗೇ ನಿಂತುಬಿಡುತ್ತೆ, ಆಮೇಲೆ ನನ್ನನ್ನ ಕೇಳಬೇಡಿ" ಅಂದಳು. ಇವರು ಸ್ಲೇಟಿನಲ್ಲಿ ಬರೆದದ್ದು: "ನನ್ನ ದನಿ ಒಂದು ಮಗುವನ್ನು ಮನೆಯಿಂದ ಓಡಿಸಿದೆ. ಅವಳು ಕೊನೆಯ ಕಂತು ನೋಡಲಿ. ಆಮೇಲೆ ನೋಡೋಣ." ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು.

ನೋಡು, ಮೊದಲು ಈ ನಿಶ್ಶಬ್ದ ನನಗೆ ಹಬ್ಬವಾಗಿತ್ತು. ಈಗ ಸಾಕಾಗಿದೆ. ನಾನೊಬ್ಬಳೇ ಎಷ್ಟು ಅಂತ ಬೈಯಲಿ? ಜಗಳಕ್ಕೂ ಎದುರುಪಾತ್ರ ಬೇಕು. ಕೆಳಗಿನ ಟೈಲರು ಮೊನ್ನೆ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಯಜಮಾನರು ಊರಲ್ಲಿಲ್ವಾ ಅಕ್ಕಾ? ಮನೆ ಸತ್ತ ಹಾಗಿದೆ" ಅಂದ.

ಆ ಕೊನೆಯದು ಏನಿದೆಯೋ ನೋಡಿ ಮುಗಿಸು ತಾಯಿ. ಏನಿದೆ ಅಂತ ನಾನೂ ಹೇಳೋದಿಲ್ಲ.

ಅಮ್ಮ


ಮೇ ೧೪

ಅಪ್ಪಾ,

ನೋಡಿದೆ.

ಹಾಡುಹಗಲು, ಕಿಟಕಿ ಎಲ್ಲ ತೆರೆದಿಟ್ಟು, ಚಿಲ್ಟುನ ತೊಡೆ ಮೇಲೆ ಕೂರಿಸಿಕೊಂಡು ನೋಡಿದೆ. ಎರಡೂ ಕೈ ಅವಳ ಹೊಟ್ಟೆ ಸುತ್ತ ಕಟ್ಟಿಕೊಂಡಿದ್ದೆ, ಕಿವಿಗೆ ಹೋಗದ ಹಾಗೆ. "ಅಮ್ಮಾ, ಉಸಿರು ಕಟ್ತಿದೆ" ಅಂದಳು. ಸಡಿಲ ಬಿಡಲಿಲ್ಲ.

ಕೋಟೆಗೆ ಬೆಂಕಿ ಬಿತ್ತು. ಸೈನಿಕರೆಲ್ಲ ಓಡಿದರು, ಸತ್ತು ಬದುಕಿದ ಮೀಸೆಯವನೂ ಓಡಿದ. ಒಕ್ಕಣ್ಣ ಹುಡುಗಿಯನ್ನು ಎಳೆದುಕೊಂಡು ಅಂಗಳಕ್ಕೆ ಬಂದ. ಬಾವಿ ಕಂಡಿತು. ಅಷ್ಟರಲ್ಲಿ ಕಟ್ಟೆಯ ಕಲ್ಲು ಕುಸಿಯಿತು ಅಪ್ಪಾ. ಬಿದ್ದದ್ದು ಅವಳಲ್ಲ. ಅವನು!

ಅವನು ಬಾವಿಯೊಳಗೆ ನೇತಾಡುತ್ತಿದ್ದಾನೆ. ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಅವನ ಮುಂಗೈ ಹಿಡಿದಿರುವವಳು ಹುಡುಗಿ. ಅವಳೂ ಇಂಚಿಂಚಾಗಿ ಜಾರುತ್ತಿದ್ದಾಳೆ. ಆಗ ನೀನು ಹೇಳುತ್ತೀಯ: "ಬಿಡು! ಕೈ ಬಿಡು!"

ಅವಳು, "ಬಿಡಲ್ಲ."

"ಬಿಡು ಅಂದೆನಲ್ಲ!"

"ಬಿದ್ದರೆ ಇಬ್ಬರೂ ಬೀಳೋಣ. ಆಳ ಎಷ್ಟು ಅಂತ ಗೊತ್ತಾಗುತ್ತೆ."

ನಿನ್ನ ದನಿ ಅಲ್ಲಿ ನಡುಗುತ್ತದೆ. ಆ ನಡುಕವನ್ನು ನಾನು ಹಲಗೆಯಾಚೆಯಿಂದ ವಾರವಿಡೀ ಕೇಳಿದ್ದೆ, ಸಿಟ್ಟು ಅಂದುಕೊಂಡಿದ್ದೆ. ಅದು ಸಿಟ್ಟಲ್ಲ. ಅವಳಿಗೇನಾದರೂ ಆದೀತು ಎಂಬ ಹೆದರಿಕೆ. ಕನ್ನಡಿ ಮುಂದೆ ಒಬ್ಬನೇ ನಿಂತು, ಎದುರಿಗೆ ಹುಡುಗಿಯಿಲ್ಲ, ಬಾವಿಯಿಲ್ಲ, ಹಾಗೆ ಹೆದರೋದಕ್ಕೆ ನಿನಗೆ ಹೇಗೆ ಬಂತು?

ಗಿರಣಿಯವನು ಓಡಿ ಬಂದು, ಅಪ್ಪ ಮಗಳು ಸೇರಿ ಅವನನ್ನು ಮೇಲಕ್ಕೆ ಎಳೆದುಕೊಂಡರು. ಮೇಲೆ ಬಂದವನೇ ಒಕ್ಕಣ್ಣ ಕಟ್ಟೆಗೊರಗಿ ಕೂತು ಏನು ಕೇಳ್ತಾನೆ? ಕುಡಿಯೋಕೆ ನೀರು! ಬಾವಿಯಿಂದ ಎದ್ದು ಬಂದವನು ನೀರು ಕೇಳ್ತಾನೆ! ಚಿಲ್ಟುಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು. ನಾನೂ ನಕ್ಕೆ. ನಗುತ್ತಾ ನಗುತ್ತಾ ಎಲ್ಲಿಂದಲೋ ಅಳು ಬಂತು, ಆಮೇಲೆ ಮೈಯೆಲ್ಲ ಹಗುರ. ಒದ್ದೆ ಬಟ್ಟೆಯನ್ನ ಹೊತ್ತುಕೊಂಡೇ ಓಡಾಡ್ತಿದ್ದೆ ಅನ್ನಿಸಿತು. ಅದೇ ದೃಶ್ಯವನ್ನು ಮತ್ತೆ ಹಾಕಿದೆ. ಮತ್ತೆ ಹಾಕಿದೆ. ಕೊನೆಗೆ ಚಿಲ್ಟುನೇ, "ಸಾಕಮ್ಮ, ಅವರಿಗೆ ಕೈ ನೋಯುತ್ತೆ" ಅಂದಳು.

ಅಮ್ಮ ಬರೆದಿದ್ದರು. ಇದೇನಪ್ಪ ಹಟ ನಿನ್ನದು? ಡಾಕ್ಟರು ಹೇಳಿದ ಹಾಗೆ ಕೇಳು. ಭಾನುವಾರ ಫೋನ್ ಮಾಡ್ತೀನಿ. ನೀನೇ ಎತ್ತಬೇಕು.

ನಿನ್ನ
ಮಗಳು


ಮೇ ೨೧

ಮಗಳೇ, ಮಗಳೇ, ಮಗಳೇ!

ಮೂರು ಸಲ ಕರೆದದ್ದೇಕೆ ಅನ್ನುತ್ತೀಯಾ? ಬರೆಯುತ್ತಾ ಬಾಯಿಬಿಟ್ಟೇ ಕರೆದೆ. ಮೂರನೆಯದಕ್ಕೆ ಕೆಳಗಿನ ಟೈಲರು ಹೊಲಿಗೆ ಯಂತ್ರ ನಿಲ್ಲಿಸಿದ!

ನಿನ್ನೆ ನಡೆದದ್ದು ನಿನಗೆ ಗೊತ್ತು. ಆದರೆ ನಿನಗೆ ಗೊತ್ತಿರುವುದು ತಂತಿಯ ಆ ಕಡೆಯ ಅರ್ಧ. ಈ ಕಡೆಯ ಅರ್ಧ ನಾನು ಹೇಳುತ್ತೇನೆ.

ಬೆಳಗ್ಗೆಯಿಂದ ಫೋನಿನ ಮುಂದೆ ಕೂತಿದ್ದೆ. ಶುಭ್ರವಾಗಿ ಮುಖ ಕ್ಷೌರ, ಇಸ್ತ್ರಿ ಅಂಗಿ. "ಫೋನಿನಲ್ಲಿ ಅಂಗಿ ಕಾಣುತ್ತಾ?" ಎಂದು ನಿನ್ನಮ್ಮ. ಮೊದಲ ಮಾತಿಗೆ ಎಂಥ ಭಾಷಣ ಸಿದ್ಧ ಮಾಡಿಕೊಂಡಿದ್ದೆ ಗೊತ್ತೇ? ಆಹಾ! ಕಲ್ಲು ಕರಗಬೇಕು! ನಾಲ್ಕು ಕಡೆ ನಿಲ್ಲಿಸಿ, ಎರಡು ಕಡೆ ಏರಿಸಿ, ಕೊನೆಯಲ್ಲಿ ಗದ್ಗದ!

ಫೋನು ಬಡಿದುಕೊಂಡಿತು. ಎತ್ತಿದೆ. ನೀನು "ಹಲೋ" ಅಂದೆ. ಭಾಷಣದ ಮೊದಲ ಪದವೇ ಹಾರಿಹೋಯಿತು. ಬಾಯಿ ತೆರೆದೆ. "ಮಗಳೇ" ಎನ್ನಲು ಹೋದರೆ ಹೊರಬಿದ್ದದ್ದು ಬರೀ ಗಾಳಿ, ನಡುವೆ ಎಲ್ಲೋ ಒಂದು ಕಿರ್ರೆನ್ನುವ ಸದ್ದು. ಎಣ್ಣೆ ಕಾಣದ ತೊಟ್ಟಿಲು! ಮುಗಿಯಿತು, ಡಾಕ್ಟರಮ್ಮ ಹೇಳಿದ ಹಾಗೇ ಆಯಿತು, ಹಟ ಮಾಡಿ ಕಂಠವನ್ನು ಕೊಂದುಕೊಂಡೆ ಅನ್ನಿಸಿತು. ಇಡಲು ಹೊರಟಿದ್ದೆ ಮಗಳೇ. ಫೋನು ಕಿವಿಯಿಂದ ಇಳಿದಿತ್ತು.

ಆಗ ನೀನು ಅಂದದ್ದು: "ಅಪ್ಪಾ, ಕೇಳಿಸ್ತಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಮಾತಾಡು."

ಜೋರಾಗಿ! ನನಗೆ! ಮೆಲ್ಲಗೆ ಮಾತಾಡಿ ಅಂದವರುಂಟು. ಬಾಯಿ ಮುಚ್ಚಿ ಅಂದವರುಂಟು. ಆಸ್ಪತ್ರೆಯಲ್ಲಿ, ಲೈಬ್ರರಿಯಲ್ಲಿ, ನಿನ್ನ ಮದುವೆಯ ಫೋಟೋ ತೆಗೆಯುವವನು ಕೂಡ, "ಸ್ವಲ್ಪ ತಗ್ಗಿಸಿ ಸಾರ್, ಮದುಮಗಳು ಬೆಚ್ತಾರೆ" ಅಂದಿದ್ದ. ಹುಟ್ಟಿದಾಗಿನಿಂದ ನನಗೆ ಯಾರೂ ಜೋರಾಗಿ ಮಾತಾಡು ಅಂದಿರಲಿಲ್ಲ. ಅದನ್ನು ಹೇಳಬೇಕಾಗಿದ್ದವಳೂ ನೀನೇ, ಹೇಳಿದವಳೂ ನೀನೇ.

ಪಕ್ಕದಲ್ಲಿ ನಿನ್ನಮ್ಮ ಮೂಗು ಸೇದುತ್ತಿದ್ದಳು, "ಶೀತ" ಅಂದಳು. ನಾನು ಎದ್ದು ನಿಂತೆ. ಕಾಲಗಲಿಸಿ, ಎದೆ ತುಂಬ ಉಸಿರು ತೆಗೆದುಕೊಂಡು, ಒಡಕೋ ಗೊಗ್ಗರೋ ಬಂದದ್ದು ಬರಲಿ ಎಂದು, ನಿನಗೆ ಕೇಳುವಷ್ಟು ಜೋರಾಗಿ ಮಾತಾಡಿದೆ.

ಇಂತಿ ನಿನ್ನ
ಅಪ್ಪ